ವಾಸನೆ ಹೋಗುವುದಿಲ್ಲ ಎಂಬ ದೂರು

ನಮ್ಮ ಅಳಿಯಂದಿರಿಗೆ ಒಂದು ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ, ದೂರು ಓದುವುದು. ಮನೆಗೆ ಒಂದು ಸೌಟು ಬೇಕೆಂದರೂ ಅದನ್ನು ಮೊದಲೇ ಕೊಂಡವರು ಇಂಟರ್ನೆಟ್ಟಿನಲ್ಲಿ ಏನೇನು ಬರೆದಿದ್ದಾರೆ ಎಂದು ವಾರಗಟ್ಟಲೆ ನೋಡುತ್ತಾರೆ. ಹೊಗಳಿದವರ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೇ ಸ್ಟಾರ್ ಕೊಟ್ಟು ವಾಚಾಮಗೋಚರ ಬೈದವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಯಾಕೆ ಎಂದು ಕೇಳಿದರೆ, "ಹೊಗಳೋರನ್ನ ಕಂಪನಿಯವರೇ ಕೂಡ್ಸಿರ್ತಾರೆ ಅತ್ತೆ. ಬೈಯೋರು ಮಾತ್ರ ಹೊಟ್ಟೆ ಉರಿದು ಬೈತಾರೆ, ಅದಕ್ಕೇ ನಂಬಬೋದು" ಎನ್ನುತ್ತಾರೆ. ಮದುವೆಗೆ ಮುಂಚೆ ನಮ್ಮ ಮನೆತನದ ಬಗ್ಗೆಯೂ ಹೀಗೇ ವಿಚಾರಿಸಿದ್ದರೋ ಏನೋ, ನಾನು ಕೇಳಲು ಹೋಗಿಲ್ಲ.

ಆ ಚಟವನ್ನು ನಾನು ಮೊದಮೊದಲು ಆಡಿಕೊಳ್ಳುತ್ತಿದ್ದೆ. ಈಗ ಯಾರಾದರೂ ಆಡಿಕೊಂಡರೆ ನನಗೇ ಸಿಟ್ಟು ಬರುತ್ತದೆ.

ಕೊರೋನಾ ಕಾಟ ತಗ್ಗಿ ವಿಮಾನಗಳು ಮತ್ತೆ ಸರಿಯಾಗಿ ಓಡಾಡತೊಡಗಿದ್ದ ಕಾಲ. ಮಗಳ ಬಾಣಂತನಕ್ಕೆಂದು ನಾನು ಮೈಸೂರಿನಿಂದ ಅಮೆರಿಕದ ಕ್ಯಾರಿ ಎಂಬ ಊರಿಗೆ ಬಂದಿದ್ದೆ. "ಅಷ್ಟು ಹೊತ್ತು ಒಂದೇ ಕುರ್ಚೀಲಿ ಕೂರೋಕೆ ನನ್ನ ಕೈಲಾಗಲ್ಲ, ನೀನು ಹೋಗಿ ಬಾ" ಎಂದು ನಮ್ಮವರು ಆರಾಮಾಗಿ ಊರಿನಲ್ಲೇ ಉಳಿದರು. ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಸೀಗೆಪುಡಿ, ಮೆಣಸಿನಪುಡಿ, ನನ್ನ ಹಳೆಯ ಕಾಟನ್ ಸೀರೆಗಳನ್ನು ಹರಿದು ಅಂಚು ಹೊಲಿದ ಮೆತ್ತನೆಯ ಬಟ್ಟೆಗಳು. ಎಲ್ಲಕ್ಕಿಂತ ಅಡಿಯಲ್ಲಿ ಒಂದು ದೊಡ್ಡ ಪೊಟ್ಟಣ ಸಾಂಬ್ರಾಣಿ.

ಸಾಂಬ್ರಾಣಿಯ ವಿಷಯದಲ್ಲಿ ನನ್ನದು ಬರೀ ಶಾಸ್ತ್ರವಲ್ಲ, ಸ್ವಾರ್ಥ. ನನ್ನ ಅಜ್ಜಿ ನಾನು ತೀರ ಚಿಕ್ಕವಳಿದ್ದಾಗಲೇ ಹೋದರು. ಅವರ ಮುಖ ನನಗೆ ನೆನಪಿಲ್ಲ, ದನಿಯೂ ನೆನಪಿಲ್ಲ. ಆದರೆ ಎಣ್ಣೆನೀರು ಹಾಕಿ, ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ನನ್ನ ಒದ್ದೆ ಕೂದಲು ಹರಡಿ ಸಾಂಬ್ರಾಣಿ ಹಾಕುತ್ತಿದ್ದರಲ್ಲ, ಆ ವಾಸನೆ ಎಲ್ಲಿ ಬಂದರೂ ಅಜ್ಜಿ ಪಕ್ಕದಲ್ಲಿ ಬಂದು ಕೂತ ಹಾಗಾಗುತ್ತದೆ. ನನಗೂ ಅಮೆರಿಕದವರು ಆರು ತಿಂಗಳ ಗಡುವು ಹಾಕಿ ಒಳಗೆ ಬಿಟ್ಟಿದ್ದರು. ಆಮೇಲೆ ಫೋನಿನಲ್ಲಿ ಮುಖ ತೋರಿಸಬಹುದು, ಮಾತು ಕೇಳಿಸಬಹುದು. ವಾಸನೆ ಕಳಿಸುವ ಫೋನು ಇನ್ನೂ ಬಂದಿಲ್ಲ. ಇರುವಷ್ಟು ದಿನದಲ್ಲೇ ಮೊಮ್ಮಗಳ ಮೂಗಿನಲ್ಲಿ ನಾನು ಹೋಗಿ ಕೂತುಬಿಡಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಹೆರಿಗೆಯಾಗಿ, ಮಗುವಿನ ಹೊಕ್ಕುಳಬಳ್ಳಿ ಬಿದ್ದು, ಎಣ್ಣೆ ಹಚ್ಚಿ ಎರೆಯಬಹುದು ಎಂದಾದ ಮೇಲೆ ಒಂದು ಬೆಳಗ್ಗೆ ಕೆಲಸ ಶುರುಮಾಡಿದೆ. ಬಾಲ್ಕನಿಯಲ್ಲಿ ಅಳಿಯಂದಿರು ಬಾರ್ಬೆಕ್ಯೂಗೆ ಇಟ್ಟುಕೊಂಡಿದ್ದ ಇದ್ದಿಲಿತ್ತು. ನಾಲ್ಕು ಚೂರು ತಂದು ಒಲೆಯ ಮೇಲೆ ಕೆಂಡ ಮಾಡಿ, ಒಂದು ಕಬ್ಬಿಣದ ಬಾಣಲೆಗೆ ಹಾಕಿ, ಮೇಲೆ ಚಿಟಿಕೆ ಸಾಂಬ್ರಾಣಿ ಉದುರಿಸಿದೆ. ಆಹಾ, ಘಮ್ಮೆಂದಿತು. ಆ ಘಮ ಮೂಗಿಗೆ ಮುಟ್ಟುವಷ್ಟರಲ್ಲಿ ಚಾವಣಿಯಲ್ಲಿದ್ದ ಹೊಗೆಯ ಅಲಾರ್ಮು ಬಾಯಿ ಬಡಿದುಕೊಳ್ಳತೊಡಗಿತು. ಅದನ್ನು ಕೇಳಿ ಹೊರಗಿನ ಕಾರಿಡಾರಿನದು ಕೂಗಿತು. ಅದನ್ನು ಕೇಳಿ ಇಡೀ ಅಪಾರ್ಟ್‌ಮೆಂಟು ಕೂಗಿತು. ಮೇಲಿನ ಮನೆಯ ಹೆಂಗಸು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಎದುರು ಮನೆಯವನು ಬುಟ್ಟಿಯಲ್ಲಿ ಎರಡು ಬೆಕ್ಕು ಇಟ್ಟುಕೊಂಡು, ಎಲ್ಲರೂ ದಡದಡ ಮೆಟ್ಟಿಲಿಳಿದರು. ನಾನು ಬಾಣಂತಿಯನ್ನೂ ಮಗುವನ್ನೂ ಕಂಬಳಿಯಲ್ಲಿ ಸುತ್ತಿ ಕೆಳಗೆ ಕರೆದುಕೊಂಡು ಹೋಗಿ ನಿಂತೆ. ಫೈರ್ ಇಂಜಿನ್ನೇ ಬಂತು.

ಬಾಗಿಲೆತ್ತರದ ಒಬ್ಬ ಫೈರ್‌ಮನ್ ಮೇಲೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ನನ್ನ ಬಾಣಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೆಳಗೆ ಬಂದ. ಎಲ್ಲರ ಕಣ್ಣೂ ಬಾಣಲೆಯ ಮೇಲೆ, ಆಮೇಲೆ ನನ್ನ ಮೇಲೆ. ಕೆಳಗಿನ ಮನೆಯ ತಮಿಳು ಹುಡುಗಿ ಮಾತ್ರ ಮೂಗು ಮೇಲೆ ಮಾಡಿ, "ಆಂಟಿ, ಸಾಂಬ್ರಾಣಿ?" ಎಂದು ಕಣ್ಣರಳಿಸಿದಳು. ಫೈರ್‌ಮನ್ ಬಾಣಲೆ ನನ್ನ ಕೈಗೆ ಕೊಟ್ಟು, ವಾಸನೆ ಬಹಳ ಚೆನ್ನಾಗಿದೆ ಮೇಡಂ, ದಯವಿಟ್ಟು ಇನ್ನೊಮ್ಮೆ ಮಾತ್ರ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬಿನ್ನವಿಸಿಕೊಂಡ. ನಾಚಿಕೆಯಲ್ಲಿ ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆದರೂ ವಾಸನೆ ಚೆನ್ನಾಗಿದೆ ಎಂದ ಮಾತನ್ನು ನಾನು ಬಿಟ್ಟುಕೊಡಲಿಲ್ಲ. ಅದನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ.

ಮನೆಗೆ ಬಂದ ಮೇಲೆ ನಿಜವಾದ ಬೆಂಕಿ ಹತ್ತಿತು. ನನ್ನ ಮಗಳು ಪಕ್ಕದೂರು ಡರ್ಹಮ್‌ನ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ರೋಗಿಗಳನ್ನು ನೋಡಿಕೊಳ್ಳುವವಳು. ಉಸಿರಿನ ವಿಷಯದಲ್ಲಿ ಅವಳ ಮುಂದೆ ಯಾರ ಆಟವೂ ನಡೆಯುವುದಿಲ್ಲ.

"ಅಮ್ಮ, ಇದೇ ಲಾಸ್ಟು. ಪಾಪು ಇರೋ ಮನೇಲಿ ಏನನ್ನೂ ಸುಡಂಗಿಲ್ಲ."

"ಸಾಂಬ್ರಾಣಿ ಕಣೇ, ಸಿಗರೇಟಲ್ಲ. ನೀನು ಹುಟ್ಟಿದಾಗ ನಿನಗೂ ಹಾಕಿದ್ದೆ. ಏನಾಯ್ತು ನಿನಗೆ?"

"ಆ ಆರ್ಗ್ಯುಮೆಂಟ್ ಬೇಡ. ಹೊಗೆ ಅಂದ್ರೆ ಹೊಗೆ. ಅದರ ಲಂಗ್ಸು ಇನ್ನೂ ಇಷ್ಟೇ ಇಷ್ಟಿದೆ."

ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇನ್ನಷ್ಟು ಕೋಪ ಬಂತು. ಮುಖ ಊದಿಸಿಕೊಂಡು ಓಡಾಡಿದೆ. ಸಾರಿಗೆ ಉಪ್ಪು ಮರೆತೆ. ಮರೆತೆನೋ ಬೇಕೆಂದೇ ಬಿಟ್ಟೆನೋ ಎಂದು ಈಗ ಯಾರೂ ಕೇಳಬೇಡಿ. ಬಾಣಂತಿಗೆ ಬೇರೆ ಅಡಿಗೆ, ಆದ್ದರಿಂದ ಆ ಸಪ್ಪೆ ಸಾರೆಲ್ಲ ಅಳಿಯಂದಿರ ಪಾಲಿಗೆ ಬಂತು. ಪಾಪ, ತುಟಿ ಪಿಟಕ್ಕೆನ್ನದೆ ಉಂಡರು. ಮಾರನೆಯ ದಿನ ಲ್ಯಾಪ್‌ಟಾಪು ಎತ್ತಿಕೊಂಡು ಅಡಿಗೆಮನೆಗೇ ಬಂದರು.

"ಅತ್ತೆ, ಸುಟ್ರೆ ತಾನೇ ಹೊಗೆ? ಸುಡದೇ ಬರೀ ಬಿಸಿಗಾಳಿ ಹಾಯಿಸಿದ್ರೆ ಪರಿಮಳ ಮಾತ್ರ ಬಿಡುತ್ತೆ. ಅದಕ್ಕೊಂದು ಎಲೆಕ್ಟ್ರಾನಿಕ್ ಮಷೀನ್ ಇದೆ. ವೇಪೊರೈಜರ್ ಅಂತಾರೆ."

ಚಿತ್ರ ತೋರಿಸಿದರು. ಸ್ಟೀಲಿನ ಡಬರಿಯಷ್ಟು ದಪ್ಪ, ಮುಂದೆ ಶಾಖದ ಅಂಕಿ ತೋರಿಸುವ ದೀಪ, ತಲೆಯ ಮೇಲೆ ಒಂದು ಉದ್ದನೆಯ ಪಾರದರ್ಶಕ ಚೀಲ. ಒಳಗೆ ಹಾಕಿದ ಪದಾರ್ಥ ಬಿಸಿಯಾಗಿ ಪರಿಮಳವೆಲ್ಲ ಆ ಚೀಲಕ್ಕೆ ತುಂಬಿಕೊಳ್ಳುತ್ತದಂತೆ. ಆ ಜಾತಿಯಲ್ಲೇ ಬಹಳ ಮೇಲ್ದರ್ಜೆಯದಂತೆ. ಬೆಲೆ ಕೇಳಿ ಎದೆ ಧಸಕ್ಕೆಂದಿತು.

"ಜನ ಇದರಲ್ಲಿ ಏನು ಹಾಕ್ತಾರೆ?" ಎಂದೆ.

"ಅದೇ... ಒಣಗಿದ ಸೊಪ್ಪು, ಗಿಡಮೂಲಿಕೆ, ಹಾಗೇ ಏನೋ" ಎಂದರು. ಅವರ ಕಿವಿ ಕೆಂಪಗಾದದ್ದನ್ನು ನಾನು ನೋಡಿದೆ.

ಅವತ್ತಿನಿಂದ ನಮ್ಮ ದೂರಿನ ಪಾರಾಯಣ ಶುರುವಾಯಿತು. ಮಗಳು ಮಗುವಿಗೆ ಹಾಲು ಕುಡಿಸುತ್ತ ಒಳಗಿದ್ದಾಗ, ಸಂಜೆ, ನಾನು ತರಕಾರಿ ಹೆಚ್ಚುತ್ತ ಕೂರುತ್ತಿದ್ದೆ. ಅಳಿಯಂದಿರು ಒಂದೊಂದೇ ಬೈಗುಳವನ್ನು ಕನ್ನಡ ಮಾಡಿ ಓದುತ್ತಿದ್ದರು. ಅಬ್ಬಬ್ಬಾ, ಅಮೆರಿಕದ ಜನ ಎಷ್ಟು ಚೆನ್ನಾಗಿ ಗೋಳಾಡುತ್ತಾರೆ! ಒಬ್ಬನಿಗೆ ಯಂತ್ರ ಬಿಸಿಯಾಗಲು ತಡವಾಗುತ್ತದೆ ಎಂದು ಸಂಕಟ.

"ಇಡ್ಲಿ ಇಟ್ಟ ತಕ್ಷಣ ಮುಚ್ಚಳ ತೆಗೆದು ನೋಡೋ ಪೈಕಿ ಅವನು. ಬಿಡಿ, ಮುಂದಿನದು ಓದಿ" ಎಂದೆ.

ಇನ್ನೊಬ್ಬಳಿಗೆ ಅದರ ಫ್ಯಾನಿನ ಸದ್ದಿಗೆ ನಾಯಿ ಹೆದರಿ ಮಂಚದ ಕೆಳಗೆ ಸೇರಿಕೊಂಡಿತಂತೆ. ನಮ್ಮ ಮನೆಯ ಮಿಕ್ಸಿಯ ಸದ್ದು ಕೇಳಿದ್ದರೆ ಅವಳೂ ನಾಯಿಯ ಜೊತೆ ಹೋಗಿ ಸೇರಿಕೊಳ್ಳುತ್ತಿದ್ದಳು. ಮತ್ತೊಬ್ಬ ಬರೆದಿದ್ದ: ಯಂತ್ರ ಶುರುವಾಗಬೇಕಾದರೆ ಫೋನಿನಲ್ಲಿ ಆ್ಯಪ್ ಬೇಕು, ಆ್ಯಪಿಗೆ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಕೊಟ್ಟರೆ ಅಪ್‌ಡೇಟ್ ಬೇಕು ಎನ್ನುತ್ತದೆ, ಅಷ್ಟರಲ್ಲಿ ನನಗೆ ಬೇಕೆನಿಸಿದ್ದೇ ಹೋಗಿಬಿಡುತ್ತದೆ. ಇವನ ಪರ ನಾನು ನಿಂತೆ. "ಇದು ನ್ಯಾಯ. ಒಲೆ ಹೊತ್ತಿಸೋಕೆ ಫೋನಿನ ಅಪ್ಪಣೆ ಕೇಳೋದು ಯಾವ ಊರಿನ ಪದ್ಧತಿ? ಅವನಿಗೆ ನನ್ನ ಓಟು."

ನನಗೆ ತುಂಬ ಇಷ್ಟವಾದವನು ಇನ್ನೊಬ್ಬ. ಯಂತ್ರ ನಡುವೆಯೇ ತಾನಾಗಿ ಆಫ್ ಆಗುತ್ತದೆ ಎಂಬುದು ಅವನ ದೂರು. ಅವನು ಸೋಫಾದ ಮೇಲೆ ಕೂತು ಗೋಡೆ ನೋಡುತ್ತಿದ್ದನಂತೆ. ಎಷ್ಟು ಹೊತ್ತು ನೋಡಿದನೋ ಅವನಿಗೇ ಗೊತ್ತಿಲ್ಲವಂತೆ. ಗೋಡೆ ಬಹಳ ಸುಂದರವಾಗಿತ್ತಂತೆ. ತಿರುಗಿ ನೋಡಿದರೆ ಯಂತ್ರ ತಣ್ಣಗಾಗಿದೆ, ಇದು ಮೋಸ ಎಂದು ಬರೆದಿದ್ದ.

ನಾನು ನಗು ತಡೆಯಲಾರದೆ ಈಳಿಗೆಮಣೆ ಪಕ್ಕಕ್ಕೆ ಸರಿಸಿದೆ. "ಅಳಿಯಂದ್ರೇ, ಶಿವರಾತ್ರಿಗೆ ನಂಜನಗೂಡಲ್ಲಿ ಬೈರಾಗಿಗಳನ್ನ ನಾನೂ ನೋಡಿದೀನಿ. ಆ ಒಣಗಿದ ಸೊಪ್ಪು ಯಾವುದು ಅಂತ ನನಗೆ ಮೊದಲನೇ ದಿನಾನೇ ಗೊತ್ತು."

ಅವರ ಕೈಯಲ್ಲಿದ್ದ ಕಾಫಿ ಲೋಟ ವಾಲಿತು. "ಅತ್ತೆ, ದೇವರಾಣೆ, ನಾನು ಯಾವತ್ತೂ..."

"ನೀವು ಸೇದಿದೀರಿ ಅಂತ ಯಾರು ಹೇಳಿದ್ರು? ಒಲೆ ಮೇಲೆ ಬೇರೆಯವರು ಏನು ಬೇಯಿಸಿದ್ರೆ ನಮಗೇನು? ನಾವು ನಮ್ಮ ಹುಳಿ ಮಾಡ್ಕೊಳೋಣ. ಓದಿ ಮುಂದೆ."

ಆ ನಗುವಿನಲ್ಲಿ ನಮ್ಮಿಬ್ಬರ ನಡುವೆ ಇದ್ದ ಅಲ್ಪಸ್ವಲ್ಪ ಬಿಗುಮಾನವೂ ಹೋಯಿತು. ಅಲ್ಲಿಯವರೆಗೆ ನಾವು ಮಾತಾಡುತ್ತಿದ್ದದ್ದು ಊಟ ಆಯ್ತಾ, ಕಾಫಿ ಬೇಕಾ, ಅಷ್ಟೇ.

ಕೊನೆಗೆ ಅವರು ಆ ಯಂತ್ರ ಬೇಡವೆಂದು ತೀರ್ಮಾನ ಮಾಡಿದ್ದೂ ಒಂದು ದೂರಿನಿಂದಲೇ. ಒಬ್ಬ ಹೆಂಗಸು ಬರೆದಿದ್ದಳು: ಈ ಚೀಲಕ್ಕೆ ಒಮ್ಮೆ ಹತ್ತಿದ ವಾಸನೆ ಏನು ಮಾಡಿದರೂ ಹೋಗುವುದಿಲ್ಲ. ತೊಳೆದೆ, ಬಿಸಿಲಿಗೆ ಹಾಕಿದೆ, ಬೀರುವಿನಲ್ಲಿ ಮುಚ್ಚಿಟ್ಟೆ. ಬೀರುವಿನಲ್ಲಿದ್ದ ಬಟ್ಟೆಗೆಲ್ಲ ಹತ್ತಿಕೊಂಡಿತು. ನಾನು ಬಿಟ್ಟುಬಿಟ್ಟು ಎಷ್ಟೋ ತಿಂಗಳಾದರೂ ಅದು ನನ್ನನ್ನು ಬಿಟ್ಟಿಲ್ಲ. ಅವಳ ಕೆಳಗೆ ಸಾಲುಸಾಲಾಗಿ ಜನ, ನನಗೂ ಹಾಗೇ, ನನಗೂ ಹಾಗೇ ಎಂದಿದ್ದರು.

"ಇದು ಬೇಡ ಅತ್ತೆ" ಎಂದು ಅಳಿಯಂದಿರು ಲ್ಯಾಪ್‌ಟಾಪು ಮುಚ್ಚಹೊರಟರು. "ಎಲ್ಲರದೂ ಇದೇ ಕಂಪ್ಲೇಂಟು. ಇಷ್ಟು ಜನ ಒಂದೇ ಹೇಳ್ತಿದಾರೆ ಅಂದ್ರೆ ಡಿಸೈನೇ ಸರಿ ಇಲ್ಲ."

ನಾನು ಹೆಚ್ಚುತ್ತಿದ್ದ ತರಕಾರಿ ಕೆಳಗಿಟ್ಟೆ. "ಇನ್ನೊಂದ್ಸಲ ಓದಿ" ಎಂದೆ. ಓದಿದರು. ಬಟ್ಟೆಗೆಲ್ಲ ಹತ್ತಿಕೊಂಡಿತು, ತಿಂಗಳಾದರೂ ಬಿಟ್ಟಿಲ್ಲ.

"ಇದೇ ಬೇಕು. ತರಿಸಿ" ಎಂದೆ.

ಅವರು ನನ್ನ ಮುಖ ನೋಡಿದರು. ಅವರ ಜನ್ಮದಲ್ಲಿ ಯಾರೂ ದೂರನ್ನೇ ಮೆಚ್ಚಿ ಸಾಮಾನು ಆರಿಸಿದ್ದಿಲ್ಲ. ನನ್ನ ಅಜ್ಜಿಯ ಕಥೆ ಹೇಳಿದೆ. ಅವರು ಲ್ಯಾಪ್‌ಟಾಪು ತಮ್ಮ ಕಡೆ ತಿರುಗಿಸಿಕೊಂಡು ಆರ್ಡರ್ ಮಾಡಿದರು.

ಪೆಟ್ಟಿಗೆ ಬಂದ ದಿನ ಮಗಳು ಅದನ್ನು ಬಿಚ್ಚಿ ನೋಡಿ ಸೊಂಟ ಹಿಡಿದುಕೊಂಡು ನಕ್ಕಳು. "ಇದನ್ನ ಬಿಡಿ ಬಿಡಿ ಅಂತ ದಿನಾ ಪೇಷೆಂಟ್ಸ್‌ಗೆ ಬೇಡ್ಕೋತೀನಿ. ಇಲ್ಲಿ ನಮ್ಮಮ್ಮಾನೇ ತರಿಸಿದಾಳೆ!" ನಕ್ಕಾದ ಮೇಲೆ ಕಾನೂನು ಹೊರಡಿಸಿದಳು. ಮಷೀನು ಬಾಲ್ಕನಿಯಲ್ಲಿ ಮಾತ್ರ. ಮಗುವಿನ ಹತ್ತಿರ ಆವಿ ಬರಕೂಡದು. ಚೀಲದೊಳಗೆ ಬಟ್ಟೆ ಇಡಬಹುದು, ಆದರೆ ಅದನ್ನು ತೆಗೆದು ಗಾಳಿಗೆ ಹಾಕಿ, ಅವಳು ಮೂಸಿ ನೋಡಿ ಹೂಂ ಅಂದ ಮೇಲೇ ಮಗುವಿಗೆ. "ಆಗ್ಲಮ್ಮ ತಾಯಿ" ಎಂದು ಕೈ ಮುಗಿದೆ.

ಮೊದಲ ಸಲವೇ ಎಡವಟ್ಟಾಯಿತು. ಸಾಂಬ್ರಾಣಿ ಸೊಪ್ಪಲ್ಲವಲ್ಲ, ಅಂಟು. ಬಿಸಿ ತಾಗುತ್ತಲೇ ಬೆಲ್ಲದ ಪಾಕದ ಹಾಗೆ ಕರಗಿ, ಒಳಗಿನ ಪುಟ್ಟ ಜರಡಿಯ ಕಣ್ಣುಗಳನ್ನೆಲ್ಲ ಮುಚ್ಚಿ, ಕೆಳಗಿಳಿದು ಗಟ್ಟಿಯಾಗಿ ಕೂತಿತು. ಕೆಂಪು ದೀಪ ಮಿಟುಕಿ ಮಿಟುಕಿ ಯಂತ್ರ ನಿಂತಿತು. ಅಳಿಯಂದಿರು ಕಸ್ಟಮರ್ ಕೇರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟರು. ಆ ಕಡೆ ಒಬ್ಬಳು ಹುಡುಗಿ.

ಒಳಗೆ ಏನು ಹಾಕಿದ್ದಿರಿ ಎಂದು ಕೇಳಿದಳು. ಮರದ ಅಂಟು ಎಂದರು ಇವರು. ಯಾಕೆ ಎಂದಳು. ಮಗುವಿನ ಬಟ್ಟೆಗೆ ಎಂದರು. ಈಗ ಆ ಕಡೆ ಏನೋ ಟಕಟಕ ಒತ್ತುವ ಸದ್ದು ಕೇಳಿಸಿತು. ಪೊಲೀಸರಿಗೆ ಫೋನ್ ಮಾಡುತ್ತಿದ್ದಾಳೆ ಎಂದೇ ನಾನು ತಿಳಿದೆ. ಮಧ್ಯೆ ಬಾಯಿ ಹಾಕಿ, ನನಗೆ ಬರುವ ಇಂಗ್ಲಿಷಿನಲ್ಲಿ, ನೋಡಮ್ಮ, ನಾನು ಅಜ್ಜಿ, ನಮ್ಮಲ್ಲಿ ಎಣ್ಣೆನೀರಾದ ಮೇಲೆ ಮಗುವಿಗೆ ಹೀಗೆ ಪರಿಮಳ ಹಾಕುತ್ತೇವೆ, ಇಲ್ಲಿ ಕೆಂಡ ಮಾಡಿದರೆ ಫೈರ್ ಇಂಜಿನ್ ಬರುತ್ತದೆ, ಏನು ಮಾಡಲಿ ಎಂದು ಎಲ್ಲ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಇಂಥ ದೂರು ತನಗೆ ಇದುವರೆಗೆ ಬಂದೇ ಇಲ್ಲ, ವಾರಂಟಿಯಲ್ಲಿ ಇದಕ್ಕೆ ಜಾಗವಿಲ್ಲ, ಆದರೆ ಹೊಸ ಜರಡಿಗಳನ್ನು ಕಳಿಸುತ್ತೇನೆ ಎಂದಳು. ಫೋನ್ ಇಡುವ ಮುಂಚೆ, ಮಗು ಹೇಗಿದೆ ಎಂದು ಕೇಳಿದಳು. ಒಳ್ಳೆಯ ಹುಡುಗಿ, ಎಲ್ಲಿದ್ದರೂ ಚೆನ್ನಾಗಿರಲಿ.

ಜರಡಿ ಬರುವಷ್ಟರಲ್ಲಿ ನಾವೂ ಒಂದು ಉಪಾಯ ಹುಡುಕಿದೆವು. ಅಂಟನ್ನು ಹಾಗೇ ಹಾಕಿದರೆ ಕರಗಿ ಇಳಿಯುತ್ತದೆ, ಹೀರಿಕೊಳ್ಳುವುದಕ್ಕೆ ಅಡಿಯಲ್ಲಿ ಏನಾದರೂ ಬೇಕು ಎಂದು ಅಳಿಯಂದಿರು ಯಾವುದೋ ದೂರಿನ ಕೆಳಗೆ ಓದಿದ್ದರು. ನನ್ನ ಹತ್ತಿರ ಲಾವಂಚದ ಬೇರಿತ್ತು, ನೀರಿಗೆ ಹಾಕಿ ಕುಡಿಯಲು ತಂದದ್ದು. ಅದನ್ನು ಸಣ್ಣಗೆ ಕತ್ತರಿಸಿ, ಸಾಂಬ್ರಾಣಿ ಪುಡಿಯನ್ನು ಅದರ ಮೇಲೆ ಒಂದೇ ಒಂದು ಚಿಟಿಕೆ ಉದುರಿಸಿ ಹಾಕಿದೆವು. ಶಾಖವನ್ನು ಅವರು ಒಂದೊಂದೇ ಅಂಕಿ ಏರಿಸುತ್ತ ಹೋದರು, ನಾನು ಮೂಗು ಮುಂದೆ ಮಾಡಿಕೊಂಡು ನಿಂತೆ. "ಇನ್ನೂ... ಇನ್ನೂ... ಹಾಂ, ಇಲ್ಲೇ ನಿಲ್ಸಿ!"

ಚೀಲ ಎದ್ದು ನಿಂತಿತು. ಹೊಗೆಯಿಲ್ಲ, ಕಮಟಿಲ್ಲ, ಬರೀ ತೆಳ್ಳನೆಯ ಮಂಜು. ಅದರೊಳಗೆ ನನ್ನ ನೀಲಿ ಚೌಕಳಿ ಸೀರೆಯ ಒಂದು ತುಂಡು ಇಟ್ಟು ಬಾಯಿ ಕಟ್ಟಿದೆ. ಮಧ್ಯಾಹ್ನ ತೆಗೆದು ಬಾಲ್ಕನಿಯ ಗಾಳಿಗೆ ಹಾಕಿ, ಸಂಜೆ ಮಗಳ ಕೈಗೆ ಕೊಟ್ಟೆ.

ಅವಳು ಡಾಕ್ಟರ ಗತ್ತಿನಲ್ಲಿ ಹುಬ್ಬು ಗಂಟಿಕ್ಕಿ ಮೂಗಿನ ಹತ್ತಿರ ಹಿಡಿದಳು. ಹಾಗೇ ಇದ್ದುಬಿಟ್ಟಳು. ಗಂಟು ಸಡಿಲವಾಯಿತು, ಕಣ್ಣು ಮುಚ್ಚಿತು. ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಒಳಗಿನಿಂದಲೇ ಕೇಳಿದಳು, "ಅಮ್ಮ, ನನ್ನ ಕೂದಲಿಗೂ ಸ್ವಲ್ಪ ಹಾಕ್ತೀಯಾ?"

"ಹೊಗೆ ಅಂದ್ರೆ ಹೊಗೆ ಅಂದೋಳು ಯಾರಮ್ಮ?"

"ಇದು ಹೊಗೆ ಅಲ್ವಲ್ಲ" ಎಂದು ಚಿಕ್ಕ ಹುಡುಗಿಯ ಹಾಗೆ ಮೂತಿ ಮಾಡಿದಳು. ಬಾಲ್ಕನಿಯಲ್ಲಿ ಕೂರಿಸಿ, ಪರಿಮಳ ಹತ್ತಿದ ದೊಡ್ಡ ಬಟ್ಟೆಯಲ್ಲಿ ಅವಳ ಒದ್ದೆ ಕೂದಲು ಸುತ್ತಿಟ್ಟೆ. ಅವಳು ತಲೆಯನ್ನು ನನ್ನ ಮಂಡಿಗೆ ಒರಗಿಸಿಕೊಂಡು ಕೂತಲ್ಲೇ ನಿದ್ದೆ ಹೋದಳು. ಒಳಗೆ ಅಳಿಯಂದಿರು ಮಗುವನ್ನು ತಟ್ಟುತ್ತಿದ್ದರು. ನಾನು ಅಲುಗಾಡಲಿಲ್ಲ, ಕಾಲು ಜೋಮು ಹಿಡಿದರೂ ಸುಖವಾಗಿತ್ತು.

ಆಮೇಲೆ ದಿನಗಳು ಓಡಿದವು. ಎಣ್ಣೆ ಹಚ್ಚಿ, ಎರೆದು, ಚೌಕಳಿ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೆ ಹಾಕಿಕೊಂಡರೆ ಮೊಮ್ಮಗಳು ಬಟ್ಟೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ತಂದುಕೊಂಡು ಮಲಗುತ್ತಿತ್ತು. ನನ್ನ ಗಡುವು ಮುಗಿಯಿತು. ಹೊರಡುವ ದಿನ ಉಳಿದ ಸಾಂಬ್ರಾಣಿಯನ್ನು ಡಬ್ಬಿಗೆ ತುಂಬಿಟ್ಟು ಮಗಳಿಗೆ ಹೇಳಿದೆ, "ಬಟ್ಟೆ ಒಗೆದ ಮೇಲೆ ಚೀಲದಲ್ಲಿ ಇಡೇ. ಮರೀಬೇಡ."

"ಹೂಂ ಹೂಂ, ನೋಡೋಣ. ನಂದೂ ಡ್ಯೂಟಿ ಶುರುವಾಗುತ್ತಲ್ಲ" ಎಂದಳು.

ಆ ನೋಡೋಣವನ್ನು ಹೊತ್ತುಕೊಂಡೇ ವಿಮಾನ ಹತ್ತಿದೆ.

ಮೈಸೂರಿನಿಂದ ದಿನವೂ ವಿಡಿಯೋ ಕಾಲು. ಮಗು ಬೋರಲಾಯಿತು, ಅಂಬೆಗಾಲಿಟ್ಟಿತು, ನಡೆಯಿತು, ಎಲ್ಲ ಫೋನಿನಲ್ಲೇ ನೋಡಿದೆ. ಆದರೆ ಒಂದು ವಿಷಯ ನನಗೆ ಸಹಿಸಲಾಗುತ್ತಿರಲಿಲ್ಲ. "ಪಾಪು, ಅಜ್ಜಿ ಎಲ್ಲಿ? ಅಜ್ಜಿ ತೋರಿಸು" ಎಂದು ಮಗಳು ಕೇಳಿದ ಕೂಡಲೇ ಅದು ಫೋನಿಗೆ ಬೆನ್ನು ಹಾಕಿ ಓಡಿಬಿಡುತ್ತಿತ್ತು. ಪ್ರತಿ ಸಲವೂ ಹಾಗೇ. ಅದು ವಾಪಸು ಬರುವ ತನಕ ಫೋನು ಹಿಡಿದಿರಲು ಮಗಳಿಗೆ ಪುರಸೊತ್ತಿಲ್ಲ, ಆಸ್ಪತ್ರೆಗೆ ಹೊರಡುವ ಹೊತ್ತು. ನಮ್ಮವರು "ಮಗು ಕಣೇ, ಅದಕ್ಕೇನು ಗೊತ್ತಾಗುತ್ತೆ" ಎನ್ನುತ್ತಿದ್ದರು. ಚೀಲದ ವಿಷಯವನ್ನು ನಾನು ಕೇಳಲಿಲ್ಲ. ಇಲ್ಲ ಅಂದುಬಿಟ್ಟರೆ ಎಂಬ ಹೆದರಿಕೆ.

ಮುಂದಿನ ವರ್ಷ ಮತ್ತೆ ಹೊರಟೆ. ಅವರ ಊರಿಗೆ ಹತ್ತಿರದ ರಾಲಿಯ ವಿಮಾನ ನಿಲ್ದಾಣದಲ್ಲಿ ಮೂವರೂ ನಿಂತಿದ್ದರು. ನಾನು ಕೈ ಚಾಚಿದ್ದೇ ತಡ, ಮೊಮ್ಮಗಳು ಕಿಟಾರನೆ ಕಿರುಚಿ ಅಪ್ಪನ ಕುತ್ತಿಗೆಗೆ ಜೋತುಬಿತ್ತು. ಕಾರಿನಲ್ಲಿ ಪಕ್ಕದಲ್ಲೇ ಕೂತಿದ್ದೆ. ಅತ್ತ ತಿರುಗಿದರೆ ಸಾಕು, "ನೋ! ನೋ!" ಎಂದು ಕೂಗು.

"ಬೇಜಾರು ಮಾಡ್ಕೋಬೇಡಿ ಅತ್ತೆ" ಎಂದರು ಅಳಿಯಂದಿರು. "ಈ ವಯಸ್ಸಿಗೆ ಸ್ಟ್ರೇಂಜರ್ಸ್ ಕಂಡ್ರೆ ಹೀಗೇ ಮಾಡ್ತಾವೆ."

"ನಾನು ಸ್ಟ್ರೇಂಜರಾ?" ಎಂದು ಹರಿಹಾಯ್ದೆ. ಪಾಪ, ಅವರೇನು ಮಾಡಿಯಾರು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಪೈನ್ ಮರ ನೋಡುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ನನ್ನನ್ನು ಸಮಾಧಾನ ಮಾಡಲು ಅವರು ನಮ್ಮ ಹಳೆಯ ಯಂತ್ರದ ಮಾತೆತ್ತಿದರು. ಅದೂ ಸತ್ತುಹೋಗಿತ್ತಂತೆ. "ಓದಿದ್ದ ಕಂಪ್ಲೇಂಟೆಲ್ಲ ನಿಜ ಆಯ್ತು ಅತ್ತೆ! ಮೊದಲು ಆ್ಯಪ್ ಕೈ ಕೊಡ್ತು. ಆಮೇಲೆ ಆ ಗೋಡೆ ನೋಡೋ ಮನುಷ್ಯ ಹೇಳಿದ ಹಾಗೇ ತಾನಾಗೇ ಆಫ್ ಆಯ್ತು. ಮತ್ತೆ ಏಳಲೇ ಇಲ್ಲ." ಅವರ ದನಿಯಲ್ಲಿ ದುಃಖವಿರಲಿಲ್ಲ, ದೂರು ಬರೆದವರು ಸುಳ್ಳು ಹೇಳಿರಲಿಲ್ಲವೆಂಬ ಹೆಮ್ಮೆಯಿತ್ತು. ನನಗೆ ಮಾತ್ರ ಇದ್ದ ಆಸೆಯೂ ಬತ್ತಿತು.

ಮನೆಗೆ ಬಂದು ಹಜಾರದ ನಡುವೆ ಸೂಟ್‌ಕೇಸ್ ಮಲಗಿಸಿ ಬಿಚ್ಚಿದೆ. ಚಟ್ನಿಪುಡಿ, ಹಪ್ಪಳ, ಅದರಡಿಯಲ್ಲಿ ಈ ಸಲವೂ ಸಾಂಬ್ರಾಣಿಯ ಪೊಟ್ಟಣ, ಪ್ರಯಾಣದಲ್ಲಿ ಒಂದು ಮೂಲೆ ಒಡೆದು ಸೀರೆಗೆಲ್ಲ ಘಮ ಹತ್ತಿತ್ತು. ಸೋಫಾದ ಹಿಂದೆ ಬಚ್ಚಿಟ್ಟುಕೊಂಡಿದ್ದ ಮೊಮ್ಮಗಳ ಅಳು ಥಟ್ಟನೆ ನಿಂತಿತು. ಒಂದು ತಲೆ ಹೊರಗೆ ಬಂತು. ಮೂಗು ಅರಳಿತು. ಪುಟಪುಟನೆ ನಡೆದು ಬಂದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಸೂಟ್‌ಕೇಸಿನೊಳಗೆ ಕಾಲಿಟ್ಟು, ನನ್ನ ಸೀರೆಗಳ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿತು. ಒಂದು ಸೀರೆ ಎಳೆದು ಮೂಸಿತು. ಇನ್ನೊಂದು ಮೂಸಿತು. ಆಮೇಲೆ ಮುಂದಕ್ಕೆ ಬಾಗಿ ನನ್ನ ಸೆರಗು ಹಿಡಿದು ಮೂಸಿತು. ನನ್ನ ಮುಖವನ್ನೇ ನೋಡಿತು.

ಏನನ್ನಿಸಿತೋ, ಎದ್ದು ಒಳಗೆ ಓಡಿತು. ಮತ್ತೆ ಬೆನ್ನು ಹಾಕಿತಲ್ಲ ಎಂದುಕೊಂಡೆ. ಅದು ವಾಪಸು ಬಂದಾಗ ಕೈಯಲ್ಲಿ ನನ್ನ ನೀಲಿ ಚೌಕಳಿ ಸೀರೆಯ ತುಂಡು ನೆಲ ಗುಡಿಸುತ್ತಿತ್ತು. ಒಗೆದು ಒಗೆದು ಬಣ್ಣ ಹೋಗಿ ಆಕಾಶದ ಹಾಗಾಗಿತ್ತು. ಅದನ್ನು ಎತ್ತಿ ನನ್ನ ಮೂಗಿಗೆ ಒತ್ತಿ ಹಿಡಿದು ಹೇಳಿತು, "ಅಜ್ಜಿ."

ಸಾಂಬ್ರಾಣಿ. ಸ್ವಲ್ಪವೇ, ಆದರೆ ಇತ್ತು.

ಬಾಗಿಲಲ್ಲಿ ನಿಂತಿದ್ದ ಮಗಳ ಕಣ್ಣು ತುಂಬಿತ್ತು. "ಅವಳು ಆ ಬಟ್ಟೆಗೇ ಅಜ್ಜಿ ಅನ್ನೋದು ಅಮ್ಮ. ಅಜ್ಜಿ ಎಲ್ಲಿ ಅಂದ್ರೆ ತರೋಕೆ ಓಡ್ತಾಳೆ. ಅದು ಇಲ್ದೆ ಮಲಗಲ್ಲ. ಒಗ್ದು ಒಗ್ದು ಚೀಲದಲ್ಲೇ ಇಡ್ತೀನಿ. ಮಷೀನ್ ಹೋದ್ರೂ ಚೀಲದ ವಾಸನೆ ಹೋಗಿಲ್ಲ."

"ಒಂದು ಮಾತು ಹೇಳಲಿಲ್ವಲ್ಲೇ ನನಗೆ!"

"ಹೇಳಿದ್ರೆ ನಾನೇ ಗೆದ್ದೆ ಅಂತ ಊರೆಲ್ಲ ಸಾರ್ಕೊಂಡು ಬರ್ತಿದ್ದೆ ನೀನು."

ಈಗ ಅದನ್ನೇ ಮಾಡುತ್ತಿದ್ದೇನೆ. ಅವತ್ತು ಮಾತ್ರ ಸಾರುವುದಕ್ಕೆ ಪುರಸೊತ್ತಿರಲಿಲ್ಲ. ಮೊಮ್ಮಗಳು ಸೂಟ್‌ಕೇಸಿನಿಂದ ಇಳಿಯಲು ಒಪ್ಪದೆ, ಒಂದು ಕೈಯಲ್ಲಿ ಆ ಅಜ್ಜಿಯನ್ನೂ ಇನ್ನೊಂದು ಕೈಯಲ್ಲಿ ಈ ಅಜ್ಜಿಯ ಸೆರಗನ್ನೂ ಹಿಡಿದುಕೊಂಡು ಅಲ್ಲೇ ಮಲಗಿಬಿಟ್ಟಿತು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೇ ಇದ್ದೆ. ಅಳಿಯಂದಿರು ಕಾಫಿಯನ್ನು ಅಲ್ಲಿಗೇ ತಂದುಕೊಟ್ಟರು.